ಜೂನ್ 6ಕ್ಕೆ ಆ ಬೀರುವಿನ ಬೀಗ ತೆಗೆಸಿ

ಚಿಕ್ಕಬಳ್ಳಾಪುರ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಎಲ್ಲ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ), ಹೈಸ್ಕೂಲುಗಳ ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ,

ನಮಸ್ಕಾರ.

ನಾನು ಗೌರಿಬಿದನೂರು ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಹೊಸ ಕಟ್ಟಡ ಅಲ್ಲ, ಅನುದಾನವೂ ಅಲ್ಲ. ನಮ್ಮ ಶಾಲೆಗಳಲ್ಲಿ ಈಗಾಗಲೇ ಇರುವ ಒಂದು ಬೀರುವಿನ ಬೀಗ ತೆಗೆಸಿಕೊಡಿ, ಅಷ್ಟೇ. ಅದೂ ಜೂನ್ 6ನೇ ತಾರೀಖು. ಆ ದಿನವೇ ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1920ರ ಜೂನ್ 6ರಂದು ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದರು. ಎಲ್ಲರೂ ಅವರನ್ನು ಎಚ್ಚೆನ್ ಅನ್ನುತ್ತಿದ್ದರು. ಹೊಸೂರು ಅಂದ ತಕ್ಷಣ ತುಂಬಾ ಜನ ತಮಿಳುನಾಡಿನ ಹೊಸೂರು ಅಂದುಕೊಳ್ಳುತ್ತಾರೆ. ಅದಲ್ಲ, ಇದು ನಮ್ಮ ಹೊಸೂರು. ಬಡವರ ಮನೆ. ತಾಯಿ ಕೂಲಿಗೆ ಹೋಗುತ್ತಿದ್ದರು. ಮಿಡ್ಲ್ ಸ್ಕೂಲು ಮುಗಿದ ಮೇಲೆ ಮುಂದೆ ಓದಬೇಕಾದರೆ ಬೆಂಗಳೂರಿಗೇ ಹೋಗಬೇಕು. ಬಸ್ಸಿಗೆ ದುಡ್ಡಿಲ್ಲ. 1935ರಲ್ಲಿ ಆ ಹುಡುಗ ನಡೆದೇ ಹೋದ. ಎರಡು ದಿನದ ದಾರಿ.

ಈಗ ನಮ್ಮ ಬಸ್ಸು ದೊಡ್ಡಬಳ್ಳಾಪುರದ ಮೇಲೆ ಹೋಗುತ್ತದೆ. ಎರಡು, ಎರಡೂವರೆ ಗಂಟೆ. ಆ ದಾರಿಯಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೇನೆ. ಕಿಟಕಿ ಪಕ್ಕ ಸೀಟು ಸಿಕ್ಕಾಗ, ಬಿಸಿಲಲ್ಲಿ ಡಾಂಬರು ಕಾದಿರುವಾಗ, ಹದಿನೈದು ವರ್ಷದ ಆ ಹುಡುಗನ ಕಾಲು ನೆನಪಾಗುತ್ತದೆ. ರಾತ್ರಿ ಎಲ್ಲಿ ಮಲಗಿದ್ದನೋ, ದಾರಿಗೆ ಬುತ್ತಿ ಏನಿತ್ತೋ ಅಂದುಕೊಳ್ಳುತ್ತೇನೆ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮಾರನೇ ವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳುವ ಅವಕಾಶ ಈ ಹುಡುಗನಿಗೇ ಸಿಕ್ಕಿತು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿರುವಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ವಾಪಸು ಬಂದು ಓದು ಮುಗಿಸಿದರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ಅಲ್ಲೇ ಉಳಿಯಲಿಲ್ಲ. ಬಂದು ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಮದುವೆ ಆಗಲಿಲ್ಲ. ಕೊನೆಯವರೆಗೂ ಇದ್ದದ್ದು ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ. ಖಾದಿ ಬಟ್ಟೆ, ತಲೆ ಮೇಲೆ ಗಾಂಧಿ ಟೋಪಿ. 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ತೀರಿಕೊಂಡರು.

ಇದೆಲ್ಲ ನಿಮಗೆ ಗೊತ್ತಿರುವುದೇ. ಭಾಷಣಗಳಲ್ಲಿ ಪ್ರತಿ ವರ್ಷ ಕೇಳುತ್ತೀರಿ. ಒಂದೇ ಕೋಣೆ, ಖಾದಿ, ಸರಳತೆ. ನಾವು ಎಚ್ಚೆನ್ ಅವರ ಟೋಪಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಟೋಪಿಯ ಕೆಳಗಿದ್ದ ಭೌತಶಾಸ್ತ್ರದ ಮೇಷ್ಟ್ರನ್ನು ಮರೆತಿದ್ದೇವೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಯಾಕೆ ಅಂದರೆ, ಅವರು ದೊಡ್ಡ ಸಿದ್ಧಾಂತ ಕಂಡುಹಿಡಿದು ಹೆಸರಾದವರಲ್ಲ. ಪ್ರಯೋಗಾಲಯದಲ್ಲಿ ಕಲಿತ ಅಭ್ಯಾಸವನ್ನು ಪ್ರಯೋಗಾಲಯದಲ್ಲೇ ಬಿಟ್ಟು ಬರಲಿಲ್ಲ. ಅವರ ದೊಡ್ಡತನ ಇರುವುದು ಅಲ್ಲೇ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಪ್ರತಿ ಬುಧವಾರ ಸಂಜೆ ಒಂದು ವಿಜ್ಞಾನ ಉಪನ್ಯಾಸ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು, ಕೈ ಎತ್ತಿ ಕೇಳಬಹುದು. ಜುಲೈ ಬಂದರೆ ವಿಜ್ಞಾನದ ಹಬ್ಬ. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಕಾಲೇಜು ಹುಡುಗರ ಮುಂದೆ, ಪಿಂಚಣಿದಾರರ ಮುಂದೆ, ದಾರಿಯಲ್ಲಿ ಹೋಗುತ್ತಾ ಒಳಗೆ ಬಂದವರ ಮುಂದೆ ನಿಂತು ಉತ್ತರ ಹೇಳಬೇಕಿತ್ತು.

1976ರಲ್ಲಿ, ಕುಲಪತಿಯಾಗಿದ್ದಾಗ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡುವ ಸಮಿತಿ ಮಾಡಿದರು. ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ ಗಾಳಿಯಿಂದ ವಿಭೂತಿ ತರಿಸುತ್ತಾನೆ ಅಂತ ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಹೋಗಿ ನೋಡಿದರೆ ವಿಭೂತಿ ಇದ್ದದ್ದು ಬಟ್ಟೆಯೊಳಗೆ. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೂ ಪತ್ರ ಬರೆದು, ಪರೀಕ್ಷೆಗೆ ಒಪ್ಪಿಕೊಳ್ಳಿ ಅಂತ ಕೇಳಿದರು. ಬಾಬಾ ಒಪ್ಪಲಿಲ್ಲ. ಪುಟ್ಟಪರ್ತಿ ನಮ್ಮ ಗಡಿಯಿಂದ ಏನು ದೂರ? ಬಾಗೇಪಲ್ಲಿ, ಗೌರಿಬಿದನೂರು ಕಡೆ ಎಷ್ಟೋ ಮನೆಗಳ ಗೋಡೆ ಮೇಲೆ ಆ ಫೋಟೋ ಆಗಲೂ ಇತ್ತು, ಈಗಲೂ ಇದೆ. ನಮ್ಮ ಮನೆಯಲ್ಲೂ ಇತ್ತು. ಈ ನೆಲದಲ್ಲಿ ಹುಟ್ಟಿ, ಅಂಥ ಹುದ್ದೆಯಲ್ಲಿ ಕೂತು ಆ ಪತ್ರ ಬರೆಯೋದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದನ್ನು ಗಮನಿಸಿ. ಅವರು "ನೀವು ಸುಳ್ಳು" ಅಂತ ಶುರು ಮಾಡಲಿಲ್ಲ. "ಬನ್ನಿ, ಪರೀಕ್ಷೆ ಮಾಡೋಣ" ಅಂತ ಶುರು ಮಾಡಿದರು. ಎರಡೂ ಒಂದೇ ಅಲ್ಲ.

ಈಗ ಬೀರುವಿನ ವಿಷಯಕ್ಕೆ ಬರುತ್ತೇನೆ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಪ್ರಯೋಗಾಲಯ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಹಸಿರು ಬಣ್ಣದ ಕಬ್ಬಿಣದ ಬೀರು. ನಾನು ಹೋದ ದಿನ ಹಿಂದಿನ ಮೇಷ್ಟ್ರು ಚಾರ್ಜ್ ಕೊಟ್ಟರು. ಸ್ಟಾಕ್ ರಿಜಿಸ್ಟರಿನ ಒಂದೊಂದೇ ಸಾಲು ಓದಿದರು, ನಾನು ಒಂದೊಂದೇ ಸಾಮಾನು ಮುಟ್ಟಿ ನೋಡಿ ಟಿಕ್ ಹಾಕಿದೆ. ಬೀಕರ್, ಪಟ್ಟಕ, ಮಸೂರ, ದಂಡಕಾಂತ (ಪಟ್ಟಿಯಾಕಾರದ ಅಯಸ್ಕಾಂತ), ದಿಕ್ಸೂಚಿ, ಸ್ಪ್ರಿಂಗ್ ತ್ರಾಸು, ಅಮ್ಮೀಟರ್. ಕೊನೆಗೆ ಸಹಿ. ಬೀಗದ ಕೈ ಕೊಡುವಾಗ ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದರು. "ನೋಡಪ್ಪ, ಒಂದು ಒಡೆದರೂ ನಿನ್ನ ತಲೆಗೇ ಬರುತ್ತೆ. ನಾನು ಹೆಂಗೆ ಕೊಟ್ಟಿದೀನೋ ಹಂಗೇ ನೀನು ಮುಂದಿನವರಿಗೆ ಕೊಡು."

ನಾನು ಹಾಗೇ ಮಾಡಿದೆ. ಹನ್ನೊಂದು ವರ್ಷ.

ಪಾಠ ಮಾಡಲಿಲ್ಲ ಅಂತಲ್ಲ. ಬೋರ್ಡಿನ ಮೇಲೆ ಚೆನ್ನಾಗಿ ಚಿತ್ರ ಬರೆಯುತ್ತಿದ್ದೆ. ಪೀನ ಮಸೂರದ ಕಿರಣಚಿತ್ರವನ್ನು ಮಕ್ಕಳು ಕಣ್ಣು ಮುಚ್ಚಿ ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಅಂಕವೂ ಬರುತ್ತಿತ್ತು. ಆದರೆ ಆ ಮಕ್ಕಳಲ್ಲಿ ಎಷ್ಟೋ ಜನ ಒಂದು ಮಸೂರವನ್ನು ಕೈಯಲ್ಲಿ ಹಿಡಿಯದೆ ಹತ್ತನೇ ಕ್ಲಾಸು ಮುಗಿಸಿದರು. ಕಿಟಕಿಯ ಬೆಳಕನ್ನು ಗೋಡೆ ಮೇಲೆ ಬೀಳಿಸಿ, ಹೊರಗಿನ ಬೇವಿನಮರ ತಲೆಕೆಳಗಾಗಿ ಬಣ್ಣದಲ್ಲಿ ಮೂಡುವುದನ್ನು ನೋಡಲಿಲ್ಲ. ಎರಡು ನಿಮಿಷದ ಕೆಲಸ ಅದು. ಬೀರು ಇದ್ದದ್ದು ಕ್ಲಾಸಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ.

ಇದಕ್ಕೆ ಬೇರೆ ಯಾರನ್ನೂ ದೂರುವುದಿಲ್ಲ. ಬೀಗ ಹಾಕಿದವನು ನಾನೇ. ಆ ಮಕ್ಕಳಿಗೆ ನಾನು ಕೊಡಬೇಕಾಗಿದ್ದದ್ದು ಬಾಕಿ ಉಳಿದಿದೆ. ಅದಕ್ಕೇ ಈ ಪತ್ರ.

ಬೀಗ ತೆಗೆಸಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಅವಳ ಅಪ್ಪ ಹೊಲದಲ್ಲಿ ಬೋರ್‌ವೆಲ್ ಕೊರೆಸಬೇಕು ಅಂತ ಓಡಾಡುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಬೋರ್ ಅಂದರೆ ಏನು ಅಂತ ನಿಮಗೆ ಗೊತ್ತು. ಸಾವಿರ ಅಡಿ, ಸಾವಿರದೈನೂರು ಅಡಿ. ಒಂದು ಫೇಲಾದರೆ ಒಡವೆ ಹೋಗುತ್ತದೆ, ಎರಡು ಫೇಲಾದರೆ ಹೊಲವೇ ಹೋಗುತ್ತದೆ. ಅವರ ಮನೆಯಲ್ಲಿ ಆಗಲೇ ಒಂದು ಫೇಲಾಗಿತ್ತು. ನೀರು ನೋಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲೆಲ್ಲ ನಡೆದಿದ್ದರು. ಒಂದು ಕಡೆ ಕಾಯಿ ಎದ್ದು ನಿಂತಿತಂತೆ. ಹುಡುಗಿ ಕೇಳಿದಳು: "ಸಾರ್, ಕೆಳಗೆ ನೀರಿದ್ರೆ ಮೇಲೆ ಕಾಯಿ ಯಾಕ್ ಏಳುತ್ತೆ? ಮ್ಯಾಗ್ನೆಟ್ ಥರಾನಾ?"

ನಾನು "ಅದೆಲ್ಲ ಮೂಢನಂಬಿಕೆ, ಕೂತ್ಕೋ" ಅನ್ನೋಕೆ ಬಾಯಿ ತೆರೆದಿದ್ದೆ. ಸುಮ್ನಾದೆ. ಆ ವಾರವೇ ಎಚ್ಚೆನ್ ಅವರ ಆತ್ಮಕತೆಯನ್ನು ಎರಡನೇ ಸಲ ಓದುತ್ತಿದ್ದೆ. ಆ ಮಗು ಕೇಳಿದ್ದು ಅಪ್ಪಟ ಭೌತಶಾಸ್ತ್ರದ ಪ್ರಶ್ನೆ. ಕೂತ್ಕೋ ಅಂದಿದ್ದರೆ ನಾನೂ ಒಂದು ನಂಬಿಕೆಯನ್ನು ಅವಳ ಮೇಲೆ ಹೇರಿದ ಹಾಗೆ ಆಗುತ್ತಿತ್ತು. ನನ್ನದು ಸರಿ, ಅವರದು ತಪ್ಪು, ಅಷ್ಟೇ ವ್ಯತ್ಯಾಸ. ಪರೀಕ್ಷೆಯಂತೂ ಎರಡರಲ್ಲೂ ಇಲ್ಲ.

ಮಾರನೇ ದಿನ ಸಿಪ್ಪೆ ಸುಲಿದ ಒಂದು ತೆಂಗಿನಕಾಯಿ ತಂದೆ. ಮಕ್ಕಳನ್ನು ಆಟದ ಮೈದಾನಕ್ಕೆ ಕರೆದುಕೊಂಡು ಹೋದೆ. ಒಂಬತ್ತು ಜನ ಒಬ್ಬೊಬ್ಬರಾಗಿ ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆದರು. ಕಾಯಿ ಎದ್ದ ಕಡೆ ಸುಣ್ಣದ ಪುಡಿ ಹಾಕಿದೆವು. ಹೌದು, ಎದ್ದಿತು! ಕೆಲವರ ಕೈಯಲ್ಲಿ ನಿಜವಾಗಿಯೂ ಎದ್ದು ನಿಂತಿತು. ಮಕ್ಕಳು ಕಿರುಚಿದರು. ಮೊದಲನೆಯವನ ಗುರುತು ನೋಡಿಕೊಂಡೇ ಬಂದ ಎರಡನೆಯವನ ಕಾಯಿ ಸರಿಯಾಗಿ ಅದರ ಹತ್ತಿರವೇ ಎದ್ದಿತು.

ಆಮೇಲೆ ಎರಡನೇ ಸುತ್ತು. ಅದೇ ಒಂಬತ್ತು ಜನ, ಕಣ್ಣಿಗೆ ಟವೆಲ್ ಕಟ್ಟಿ. ಪಕ್ಕದಲ್ಲೊಬ್ಬರು ಭುಜ ಹಿಡಿದು ನಡೆಸಬೇಕು. ಈ ಸಲ ಗುರುತಿಗೆ ಇದ್ದಿಲ ಪುಡಿ. ಮುಗಿದ ಮೇಲೆ ಎಲ್ಲರೂ ದೂರ ನಿಂತು ಮೈದಾನ ನೋಡಿದೆವು. ಬಿಳಿ ಗುರುತುಗಳು ಒಂದು ಕಡೆ ಗುಂಪಾಗಿದ್ದವು. ಕಪ್ಪು ಗುರುತುಗಳು ಮೈದಾನದ ತುಂಬ ಚೆಲ್ಲಿದ್ದವು. ಯಾರೂ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನೀರು ಇದ್ದಲ್ಲೇ ಇದೆ, ಬದಲಾಗಿದ್ದು ಕಣ್ಣು ಮಾತ್ರ.

ಅಂಗೈ ಮೇಲೆ ಅಡ್ಡ ಮಲಗಿಸಿದ ಕಾಯಿ ಬಹಳ ನಾಜೂಕಾಗಿ ತೂಕ ಹಿಡಿದು ಕೂತಿರುತ್ತದೆ. ಕೈ ಕೂದಲೆಳೆಯಷ್ಟು ಓರೆಯಾದರೂ ಹೊರಳುತ್ತದೆ. ಮನಸ್ಸಿನಲ್ಲಿ "ಇಲ್ಲಿ ಏಳುತ್ತೆ" ಅಂತ ಇದ್ದರೆ ಕೈ ತಾನಾಗಿ ಅಷ್ಟು ಓರೆಯಾಗುತ್ತದೆ, ಹಿಡಿದವರಿಗೇ ಗೊತ್ತಾಗುವುದಿಲ್ಲ. ಅದಕ್ಕೇ ಮಕ್ಕಳಿಗೆ ಒಂದು ಮಾತು ಒತ್ತಿ ಹೇಳಿದೆ. ನೀರು ನೋಡುವವರೆಲ್ಲ ಮೋಸಗಾರರು ಅಂತ ಅಲ್ಲ. ಅವರಲ್ಲೂ ಎಷ್ಟೋ ಜನ ಪ್ರಾಮಾಣಿಕವಾಗಿ ನಂಬಿರುತ್ತಾರೆ. ನಮ್ಮ ಕ್ಲಾಸಿನ ಹುಡುಗರೇನು ಮೋಸ ಮಾಡಿದರಾ? ಇಲ್ಲವಲ್ಲ.

ಆ ಹುಡುಗಿಯ ಹೊಲದ ಬೋರಿನಲ್ಲಿ ನೀರು ಬಂತಾ ಅಂತ ಕೇಳಿದವರಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಬೋರಿನಲ್ಲಿ ನೀರು ಬಂದರೆ ಕಾಯಿ ಸರಿ ಅಂತಲೂ ಆಗಲ್ಲ, ಬರದಿದ್ದರೆ ಕಾಯಿ ತಪ್ಪು ಅಂತಲೂ ಆಗಲ್ಲ. ಇದನ್ನು ನನಗೆ ಹೇಳಿದ್ದೂ ಆ ಹುಡುಗಿಯೇ. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿಲ್ಲ.

ಕಾಯಿಯ ಪರೀಕ್ಷೆಯೇನೋ ಆಯಿತು. ಅವಳು ಬಿಡಲಿಲ್ಲ. "ಮ್ಯಾಗ್ನೆಟ್ ಅಲ್ಲ ಅಂತ ಹೆಂಗ್ ಹೇಳ್ತೀರ ಸಾರ್? ದಿಕ್ಸೂಚಿ ಇಟ್ಟು ನೋಡಬೇಕಲ್ವಾ?" ನೋಡಲೇಬೇಕು. ಬೀರುವಿನ ಬೀಗ ತೆಗೆದೆ. ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತೆಗೆಯಬೇಕಾಯಿತು.

ಒಳಗೆ ನೋಡಿದರೆ ರಿಜಿಸ್ಟರಿನಲ್ಲಿ ಇರುವುದೆಲ್ಲ ಇತ್ತು. ಒಂದೂ ಕಮ್ಮಿ ಇಲ್ಲ. ಆದರೆ ದಂಡಕಾಂತಗಳನ್ನು ತುದಿಗೆ ಕಬ್ಬಿಣದ ತುಂಡು ಇಡದೆ, ಸಜಾತಿ ಧ್ರುವಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಡಬ್ಬಿಗೆ ತುಂಬಿದ್ದೆ. ಅಷ್ಟು ವರ್ಷದಲ್ಲಿ ಅವುಗಳ ಶಕ್ತಿ ಸೋರಿ ಹೋಗಿತ್ತು. ಒಂದು ಗುಂಡುಪಿನ್ ಎತ್ತೋಕೂ ಒದ್ದಾಡುತ್ತಿದ್ದವು. ಅದೇ ಡಬ್ಬಿಯ ಪಕ್ಕದಲ್ಲಿದ್ದ ಒಂದು ದಿಕ್ಸೂಚಿಯ ಮುಳ್ಳು ಉಲ್ಟಾ ಆಗಿತ್ತು. ಉತ್ತರ ತೋರಿಸಬೇಕಾದ ತುದಿ ದಕ್ಷಿಣ ತೋರಿಸುತ್ತಿತ್ತು. ಯಾವುದೋ ಉಪಕರಣದೊಳಗೆ ಬಿಟ್ಟಿದ್ದ ಸೆಲ್ಲುಗಳು ಸೋರಿ ಹಸಿರು ಪಾಚಿ ಕಟ್ಟಿತ್ತು. ಒಡೆಯಬಾರದು ಅಂತ ಜೋಪಾನ ಮಾಡಿದ್ದೆ. ಜೋಪಾನ ಮಾಡಿದ್ದರಿಂದಲೇ ಎಲ್ಲ ಕೆಟ್ಟಿತ್ತು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು.

ಆ ದಿಕ್ಸೂಚಿಯನ್ನು ರಿಪೇರಿ ಮಾಡಿದ್ದೂ ಮಕ್ಕಳೇ. ಒಬ್ಬ ಹುಡುಗ ಮನೆಯಿಂದ ಕೆಟ್ಟ ಸ್ಪೀಕರಿನ ಅಯಸ್ಕಾಂತ ತಂದ. ಅದರ ಸರಿಯಾದ ಮುಖವನ್ನು ಮುಳ್ಳಿನ ಹತ್ತಿರ ಹಿಡಿದು ಮತ್ತೆ ಉತ್ತರಕ್ಕೆ ತಿರುಗಿಸಿದರು. ಸೂರ್ಯ ಮುಳುಗುವ ಕಡೆ ನೋಡಿ ಸರಿಯಾಯಿತಾ ಅಂತ ತಾಳೆ ಹಾಕಿದರು. ಆ ವರ್ಷ ಎರಡು ಬೀಕರ್, ಒಂದು ಮಸೂರ ಒಡೆದವು. ನನ್ನ ಕೈಯಿಂದ ಕೊಂಡು ತುಂಬಿಸಿದೆ. ಬೇಸರವಿಲ್ಲ. ಆದರೆ ಎಲ್ಲ ಮೇಷ್ಟ್ರೂ ಹಾಗೆ ಮಾಡಬೇಕು ಅಂತ ನಿರೀಕ್ಷಿಸುವುದು ನ್ಯಾಯ ಅಲ್ಲ.

ಉಪನಿರ್ದೇಶಕರೇ, ನನ್ನ ಮುಖ್ಯ ಕೋರಿಕೆ ಇಲ್ಲಿದೆ. ಮಕ್ಕಳು ಪ್ರಯೋಗ ಮಾಡುವಾಗ ಒಡೆದ ಸಾಮಾನಿಗೆ ಮೇಷ್ಟ್ರು ಹೊಣೆಯಲ್ಲ ಅಂತ ಜಿಲ್ಲೆಯ ಎಲ್ಲ ಹೈಸ್ಕೂಲುಗಳಿಗೂ ಬರವಣಿಗೆಯಲ್ಲಿ ತಿಳಿಸಿ. ಸ್ಟಾಕ್ ರಿಜಿಸ್ಟರಿನಲ್ಲಿ "ಬಳಕೆಯಲ್ಲಿ ಒಡೆದದ್ದು" ಅಂತ ಒಂದು ಕಲಂ ಇರಲಿ. ಮುಖ್ಯ ಶಿಕ್ಷಕರು ಸಹಿ ಹಾಕಿದರೆ ಮುಗಿಯಬೇಕು. ಶಾಲೆ ತಪಾಸಣೆಗೆ ಬಂದವರು ಆ ಕಲಂ ಪೂರ್ತಿ ಖಾಲಿ ಇದ್ದರೆ, "ಯಾಕೆ ಒಂದೂ ಒಡೆದಿಲ್ಲ?" ಅಂತ ಕೇಳಲಿ. ಈಗ ಕೇಳುವ ಪ್ರಶ್ನೆ ಇದಕ್ಕೆ ಉಲ್ಟಾ. ನಮ್ಮ ದಿಕ್ಸೂಚಿಯ ಹಾಗೆ.

ಬೀಗ ತೆಗೆಯೋಕೆ ಜೂನ್ 6ಕ್ಕಿಂತ ಒಳ್ಳೆಯ ದಿನ ಇಲ್ಲ. ಶಾಲೆ ಶುರುವಾಗಿ ಒಂದು ವಾರ ಆಗಿರುತ್ತದೆ, ಅಷ್ಟೇ. ಸಿಲಬಸ್ಸಿನ ಗಡಿಬಿಡಿ ಇನ್ನೂ ಇರುವುದಿಲ್ಲ. ಫೋಟೋಗೆ ಹಾರ ಹಾಕಿ, ಖಂಡಿತ ಹಾಕಿ. ಆಮೇಲೆ ಭಾಷಣದ ಬದಲು ಬೀರು ತೆಗೆದು ಸಾಮಾನನ್ನೆಲ್ಲ ಬೆಂಚಿನ ಮೇಲೆ ಇಡಿ. ಧೂಳು ಒರೆಸುವ ಕೆಲಸದಿಂದಲೇ ಮಕ್ಕಳು ಶುರು ಮಾಡಲಿ.

ಬುಧವಾರ ಒಂದು ಪೀರಿಯಡ್ ಕೊಡಿ ಅಂತಲೂ ಕೇಳಬೇಕು ಅಂತಿದ್ದೇನೆ. ಸೈನ್ಸ್ ಫೋರಂನ ಬುಧವಾರವೇ ನಮ್ಮ ಶಾಲೆಗಳದ್ದೂ ಆಗಲಿ. ಆ ಪೀರಿಯಡ್‌ನಲ್ಲಿ ಪುಸ್ತಕ ತೆರೆಯೋದು ಬೇಡ. ಮಕ್ಕಳು ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಪರೀಕ್ಷೆ ಮಾಡಿ ನೋಡೋಣ" ಅನ್ನೋಕೆ ಮೇಷ್ಟ್ರಿಗೆ ನಾಚಿಕೆ ಆಗಬಾರದು.

ಎಸ್ಎಸ್ಎಲ್‌ಸಿ ಫಲಿತಾಂಶದ ಒತ್ತಡ ನನಗೆ ಗೊತ್ತು. ಮೀಟಿಂಗಿನಲ್ಲಿ ಪರ್ಸೆಂಟೇಜ್ ಓದುವಾಗ ತಲೆ ತಗ್ಗಿಸಿ ಕೂತವರಲ್ಲಿ ನಾನೂ ಒಬ್ಬ. ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೋತ್ತರ, ಉರು ಹೊಡೆಸಿದವನು. ಅದು ಬೇಡ ಅನ್ನುತ್ತಿಲ್ಲ, ಕಷ್ಟದಲ್ಲಿರುವ ಮಗುವಿಗೆ ಪಾಸಾಗುವುದು ಸಣ್ಣ ವಿಷಯ ಅಲ್ಲ. ವಾರಕ್ಕೆ ಒಂದು ಪೀರಿಯಡ್ ಮಾತ್ರ ಕೇಳುತ್ತಿದ್ದೇನೆ. ಇದು ಪಠ್ಯದ ಹೊರಗಿನ ಕೆಲಸ ಅಂತ ಯಾರಾದರೂ ಅಂದರೆ ಸಂವಿಧಾನ ತೋರಿಸಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬರ ಮೂಲಭೂತ ಕರ್ತವ್ಯ ಅಂತ 51ಎ ವಿಧಿಯಲ್ಲಿದೆ. ಅದು ಸೇರಿದ್ದು 42ನೇ ತಿದ್ದುಪಡಿಯಲ್ಲಿ, 1976ರಲ್ಲಿ. ಎಚ್ಚೆನ್ ಸಮಿತಿ ಮಾಡಿದ ವರ್ಷವೇ. ಮಾಟ ಮಂತ್ರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ನಮ್ಮ ರಾಜ್ಯದ ಕಾಯ್ದೆ 2017ರಲ್ಲಿ ಬಂತು. ಆ ಹೊತ್ತಿಗೆ ಅವರು ಇರಲಿಲ್ಲ. ಕಾಯ್ದೆ ಬಂದಿದ್ದು ಒಳ್ಳೆಯದೇ. ಆದರೆ ಕೈ ಮೇಲೆ ಕಾಯಿ ಯಾಕೆ ಎದ್ದಿತು ಅಂತ ಯಾವ ಕಾಯ್ದೆಯೂ ಮಗುವಿಗೆ ಹೇಳಿಕೊಡುವುದಿಲ್ಲ.

ನಮ್ಮ ತಾಲ್ಲೂಕಿನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನ ಆಗಲ್ಲ. ಗೌರಿಬಿದನೂರಿನ ಹತ್ತಿರ 1965ರಿಂದ ಭೂಮಿಯ ಕಂಪನ ಅಳೆಯುವ ಕೇಂದ್ರ ಇದೆ. ಎಲ್ಲೋ ದೂರದ ದೇಶದಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿದರೂ ಇಲ್ಲಿಗೆ ಗೊತ್ತಾಗುತ್ತದೆ. ಕೋಟಾಲದಿನ್ನೆಯ ಹತ್ತಿರ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳ ರೇಡಿಯೊ ದೂರದರ್ಶಕ ಕಟ್ಟಿದರು. ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯೋಕೆ. ಅದು ಕೆಲಸ ಶುರು ಮಾಡಿದ್ದೂ 1976ರ ಸುಮಾರಿಗೇ. ನೆಲದೊಳಗಿನ ಸದ್ದು, ಆಕಾಶದ ಸದ್ದು ಎರಡನ್ನೂ ಕೇಳಿಸಿಕೊಳ್ಳುವ ಊರು ನಮ್ಮದು. ಇದನ್ನು ಮೊದಲ ಸಲ ಹೇಳಿದಾಗ ಮಕ್ಕಳು ನಂಬಲಿಲ್ಲ. "ನಮ್ಮ ಗೌರಿಬಿದನೂರಾ ಸಾರ್?" ಅಂದರು.

ಹಳ್ಳಿ ಮಕ್ಕಳಿಗೂ ಕಾಲೇಜು ಬೇಕು ಅಂತ ಎಚ್ಚೆನ್ ಬೆಂಗಳೂರಿನಲ್ಲಿ ಕೂತು ಹಂಬಲಿಸಿದ್ದಷ್ಟೇ ಅಲ್ಲ. ಬಾಗೇಪಲ್ಲಿಯಲ್ಲಿ, ಗೌರಿಬಿದನೂರಿನಲ್ಲಿ ನ್ಯಾಷನಲ್ ಕಾಲೇಜು ಬಂದಿದ್ದು, ಹೊಸೂರಿಗೆ ಹೈಸ್ಕೂಲು ಬಂದಿದ್ದು ಅವರ ಓಡಾಟದಿಂದ. ತಾವು ಎರಡು ದಿನ ನಡೆದ ದಾರಿಯನ್ನು ಮುಂದಿನ ಮಕ್ಕಳು ನಡೆಯಬೇಕಾಗಿಲ್ಲ ಅಂತ ಮಾಡಿದರು. ಕ್ಲಾಸಿನಿಂದ ಬೀರುವಿಗೆ ಇರುವ ಮೂವತ್ತು ಹೆಜ್ಜೆ ಮಾತ್ರ ಉಳಿದಿದೆ.

ಎಸ್‌ಡಿಎಂಸಿಯ ಅಣ್ಣಂದಿರೇ, ಅಕ್ಕಂದಿರೇ, ನೀವು ಒಂದು ಸಹಾಯ ಮಾಡಿ. ಮಕ್ಕಳು ಮೈದಾನದಲ್ಲಿ ತೆಂಗಿನಕಾಯಿ ಹಿಡಿದು ಓಡಾಡುವುದು ಕಂಡರೆ "ಪಾಠ ಬಿಟ್ಟು ಆಟ ಆಡಿಸ್ತಾವ್ರೆ" ಅಂತ ಮೇಷ್ಟ್ರ ಮೇಲೆ ದೂರು ತರಬೇಡಿ. ಹತ್ತಿರ ಬಂದು ನೋಡಿ. ನೀವೂ ಒಂದು ಸಲ ಕಣ್ಣಿಗೆ ಟವೆಲ್ ಕಟ್ಟಿಕೊಂಡು ನಡೆಯಿರಿ. ಬೋರ್ ಕೊರೆಸುವವರು ನೀವೇ ತಾನೇ?

ಜೂನ್ 6ರಂದು ಜಿಲ್ಲೆಯ ಯಾವ ಹೈಸ್ಕೂಲಿನವರು ಕರೆದರೂ ಬರುತ್ತೇನೆ. ಬಸ್ ಚಾರ್ಜು ಬೇಡ, ಶಾಲು ಹಾರ ಬೇಡ. ತೆಂಗಿನಕಾಯಿ, ಟವೆಲ್, ಬೀಗಕ್ಕೆ ಬಿಡೋಕೆ ಸ್ವಲ್ಪ ಎಣ್ಣೆ ನಾನೇ ತರುತ್ತೇನೆ. ದಿಕ್ಸೂಚಿಯನ್ನು ಮಾತ್ರ ನಿಮ್ಮ ಬೀರುವಿನಿಂದಲೇ ತೆಗೆಯೋಣ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಗೌರಿಬಿದನೂರು ತಾಲ್ಲೂಕು